ಸೂಪರ್‌ನ್ಯಾಚುರಲ್: ದೇವದೂತರು ಬರುವ ಮುನ್ನವೋ, ಬಂದ ಮೇಲೋ?

2005ರಲ್ಲಿ ಆರಂಭವಾದ ಅಮೆರಿಕದ ‘ಸೂಪರ್‌ನ್ಯಾಚುರಲ್’ ಧಾರಾವಾಹಿ 15 ಸೀಸನ್‌ಗಳಷ್ಟು ಉದ್ದ. ಎಲ್ಲವನ್ನೂ ನೋಡುವ ಪುರುಸೊತ್ತಿಲ್ಲದವರು ಆರಂಭದ ಎರಡು ಘಟ್ಟಗಳಲ್ಲಿ ಒಂದನ್ನು ಆರಿಸಿಕೊಳ್ಳಬಹುದು.

ಮೊದಲ ಮೂರು ಸೀಸನ್‌ಗಳು ಬಹುಪಾಲು ದೆವ್ವದ ಕಥೆಗಳು. ಡೀನ್, ಸ್ಯಾಮ್ ಎಂಬ ಅಣ್ಣತಮ್ಮಂದಿರು ಹಳೆಯ ಇಂಪಾಲಾ ಕಾರಿನಲ್ಲಿ ಊರೂರು ಸುತ್ತಿ, ಮೂಳೆಗೆ ಉಪ್ಪು ಸುರಿದು ಸುಟ್ಟು ಪ್ರೇತಗಳನ್ನು ಅಡಗಿಸುತ್ತಾರೆ. ಹೆದರಿಕೆ ಬೇಕಿದ್ದರೆ ಇಷ್ಟು ಸಾಕು.

2008ರ ನಾಲ್ಕನೇ ಸೀಸನ್ನಿನಲ್ಲಿ ಕ್ಯಾಸ್ಟಿಯಲ್ ಎಂಬ ದೇವದೂತ ಡೀನ್‌ನನ್ನು ನರಕದಿಂದ ಎತ್ತಿ ತರುತ್ತಾನೆ. ಅದುವರೆಗಿನ ಪ್ರಶ್ನೆ ‘ಇದನ್ನು ಕೊಲ್ಲುವುದು ಹೇಗೆ?’ ಎಂದಾದರೆ, ಮುಂದಿನದು ‘ನಮ್ಮ ಆಯ್ಕೆ ನಿಜಕ್ಕೂ ನಮ್ಮದೇ?’ ಅಣ್ಣ ಪ್ರಧಾನ ದೇವದೂತ ಮೈಕೆಲನಿಗೆ, ತಮ್ಮ ಸ್ವರ್ಗದಿಂದ ಬಿದ್ದ ದೇವದೂತ, ಅಂದರೆ ಸೈತಾನ, ಲೂಸಿಫರನಿಗೆ ಮೈಯೊಪ್ಪಿಸಬೇಕೆಂಬ ಹಣೆಬರಹ ಮೊದಲೇ ಸಿದ್ಧ. ಆದರೆ ಅದಕ್ಕೆ ಅವರ ಒಪ್ಪಿಗೆ ಬೇಕು! ಐದನೇ ಸೀಸನ್ನಿನ ಬಿಗಿಯೆಲ್ಲ ಈ ಒಂದು ಷರತ್ತಿನಲ್ಲಿದೆ. ದೇವದೂತರೂ ಅಭಯಹಸ್ತದವರಲ್ಲ, ಆಜ್ಞಾಪಾಲಕ ಸೈನಿಕರು, ಕೆಲವರಂತೂ ಪ್ರಳಯವನ್ನೇ ಬಯಸುವವರು. ನಷ್ಟವೂ ಇದೆ: ಹಣೆಗೆ ಅಂಗೈಯಿಟ್ಟು ಪಿಶಾಚಿಯನ್ನು ಸುಡಬಲ್ಲವನು ಜೊತೆಗಿರುವಾಗ ಬಡಪಾಯಿ ಪ್ರೇತಕ್ಕೆ ಯಾರು ಹೆದರುತ್ತಾರೆ?

ನನ್ನ ಒಲವು ನಾಲ್ಕು, ಐದರ ಕಡೆಗೆ. ಆದರೂ ನೇರವಾಗಿ ಅಲ್ಲಿಗೆ ಹಾರಬೇಡಿ. ಎರಡನೇ ಸೀಸನ್ನಿನ ಕೊನೆಯಲ್ಲಿ ಡೀನ್ ತಮ್ಮನಿಗಾಗಿ ಆತ್ಮವನ್ನು ಮಾರಿಕೊಳ್ಳುವುದನ್ನು ನೋಡದೆ ಆ ನರಕದ ತೂಕ ತಿಳಿಯದು. ಸೃಷ್ಟಿಕರ್ತ ಎರಿಕ್ ಕ್ರಿಪ್ಕಿ ಐದರ ನಂತರ ಚುಕ್ಕಾಣಿ ಬಿಟ್ಟರು. ನೀವೂ ಅಲ್ಲಿಯೇ ಇಳಿದುಬಿಡಬಹುದು.