ಬೇರೆಯವರ ಎಫ್‌ಸಿಆರ್‌ಎ ಖಾತೆಗೆ ಸೇವೆಯ ಹಣ ಹಾಕಿಸುವ ಮುನ್ನ ಇದನ್ನು ಓದಿ

ವಿದೇಶಿ ದೇಣಿಗೆ ಪಡೆಯಲು ಬೇಕಾದ ಸರ್ಕಾರಿ ನೋಂದಣಿಯನ್ನು ಎಲ್ಲರೂ ಎಫ್‌ಸಿಆರ್‌ಎ ಎಂದೇ ಕರೆಯುತ್ತಾರೆ. ಹೊರದೇಶದಿಂದ ಬೆಂಬಲ ಹುಡುಕುವ ಸಣ್ಣ ಕ್ರೈಸ್ತ ಸಭೆಗಳಿಗೆ ಒಂದು ಮಾತು ಪದೇಪದೇ ಕಿವಿಗೆ ಬೀಳುತ್ತದೆ. "ಪಾಸ್ಟರ್, ನಿಮಗೆ ಎಫ್‌ಸಿಆರ್‌ಎ ಇಲ್ಲ ಅಂತ ಯೋಚನೆ ಮಾಡಬೇಡಿ, ನಮ್ಮದಿದೆಯಲ್ಲ. ನಿಮ್ಮ ದಾನಿಗಳಿಗೆ ನಮ್ಮ ಖಾತೆ ನಂಬರ್ ಕೊಡಿ. ಆಫೀಸು ಖರ್ಚಿಗೆ ನೂರಕ್ಕೆ ಹನ್ನೆರಡು ಹಿಡಿದುಕೊಂಡು ಉಳಿದದ್ದು ನಿಮಗೇ ಕೊಡ್ತೀವಿ." ಈ ಮಾತು ಬಂದ ಕೂಡಲೇ ಎದ್ದು ಬನ್ನಿ.

ಉತ್ತರ ಕರ್ನಾಟಕದ ಒಂದು ಸಣ್ಣ ಟ್ರಸ್ಟ್ ಇದನ್ನು ನಂಬಿ ಸಿಕ್ಕಿಬಿತ್ತು. ನಾಲ್ವರು ಸುವಾರ್ತಿಕರ ತಿಂಗಳ ಖರ್ಚನ್ನು ಅಮೆರಿಕದ ಒಂದು ಸಭೆ ವಹಿಸಿಕೊಂಡಿತ್ತು. ಹಣ ಮಧ್ಯದ ಸಂಸ್ಥೆಯ ಖಾತೆಗೆ ಬರುತ್ತಿತ್ತು, ಮೊದಮೊದಲು ಕಂತು ಸರಿಯಾಗಿ ಕೈಸೇರಿತು. ಆಡಿಟ್ ಹತ್ತಿರ ಬಂದಾಗ ಒಂದು ಕಟ್ಟು ವೋಚರ್ ಬಂತು. ರೆವಿನ್ಯೂ ಸ್ಟಾಂಪ್ ಅಂಟಿಸಿದೆ, ತಾರೀಖಿಲ್ಲ, ಮೊತ್ತವಿಲ್ಲ. ಸ್ಟಾಂಪಿನ ಮೇಲೆ ಸಹಿ ಹಾಕಿ ಕಳಿಸಿ ಅಂದರು. ಸಹಿ ಬಿತ್ತು. ಅಲ್ಲಿಗೆ ಆ ನಾಲ್ವರೂ ಕಾಗದದಲ್ಲಿ ಬೇರೊಂದು ಸಂಸ್ಥೆಯ ಸಿಬ್ಬಂದಿಯಾದರು, ಅದೂ ಕೈಗೆ ಬಂದದ್ದಕ್ಕಿಂತ ಹೆಚ್ಚಿನ ಸಂಬಳಕ್ಕೆ. ಮುಂದೆ ಆ ಸಂಸ್ಥೆಯ ಎಫ್‌ಸಿಆರ್‌ಎ ನವೀಕರಣ ಅರ್ಜಿ ತಿರಸ್ಕಾರವಾಯಿತು, ಬಾಕಿ ಹಣ ಖಾತೆಯಲ್ಲೇ ಉಳಿಯಿತು. ಆ ಹಣ ತಮ್ಮದು ಎಂದು ಹೇಳಲು ಟ್ರಸ್ಟ್ ಬಳಿ ಒಂದು ಚೀಟಿಯೂ ಇರಲಿಲ್ಲ. ಇದ್ದಿದ್ದರೆ ಅದೇ ಅವರ ಮೇಲೆ ಸಾಕ್ಷಿಯಾಗುತ್ತಿತ್ತು.

ಇಲ್ಲಿ ಎಡವುವುದಕ್ಕೆ ಕಾರಣ ಹಳೆಯ ರೂಢಿ. 2010ರ ವಿದೇಶಿ ದೇಣಿಗೆ ಕಾಯ್ದೆಯಲ್ಲಿ (ಎಫ್‌ಸಿಆರ್‌ಎ ಎಂದರೆ ಇದೇ) ಒಂದು ನೋಂದಾಯಿತ ಸಂಸ್ಥೆ ಇನ್ನೊಂದಕ್ಕೆ ಹಣ ದಾಟಿಸಲು ಅವಕಾಶವಿತ್ತು. 2020ರ ಸೆಪ್ಟೆಂಬರ್ ತಿದ್ದುಪಡಿ 7ನೇ ಸೆಕ್ಷನ್ ಬದಲಿಸಿ ಅದನ್ನು ಪೂರ್ತಿ ಮುಚ್ಚಿತು. ಪಡೆಯುವವರಿಗೂ ಎಫ್‌ಸಿಆರ್‌ಎ ಇದ್ದರೂ ದಾಟಿಸುವಂತಿಲ್ಲ. ಇಲ್ಲದವರಿಗಂತೂ ಕೇಳುವುದೇ ಬೇಡ. ಆಡಳಿತ ವೆಚ್ಚದ ಮಿತಿ ಶೇ. 50ರಿಂದ 20ಕ್ಕೆ ಇಳಿದದ್ದೂ ಆಗಲೇ. ವಿದೇಶಿ ಹಣ ಮೊದಲು ಬಂದು ಬೀಳಬೇಕಾದ್ದು ಎಸ್‌ಬಿಐನ ನವದೆಹಲಿ ಮುಖ್ಯ ಶಾಖೆಯ ಖಾತೆಗೆ ಮಾತ್ರ. ಬೇರೆ ಯಾವ ಬ್ಯಾಂಕಿನ ನಂಬರ್ ಕೊಟ್ಟು 'ಇದೇ ನಮ್ಮ ಎಫ್‌ಸಿ (ವಿದೇಶಿ ದೇಣಿಗೆ) ಖಾತೆ' ಅಂದರೂ ಅದು ಸುಳ್ಳು, ಇಲ್ಲವೇ ಅಲ್ಲಿಂದ ಮುಂದೆ ಖರ್ಚಿಗೆಂದು ಇಟ್ಟುಕೊಂಡ ಖಾತೆ.

ಈ ದಾರಿ ಕಟ್ಟಾದ ಮೇಲೆ ಆ ಟ್ರಸ್ಟಿನವರು ಹಿಡಿದ ದಾರಿ ಇನ್ನೂ ಕೆಟ್ಟದ್ದು: ಪಾಸ್ಟರ್ ಅವರ ಸ್ವಂತ ಉಳಿತಾಯ ಖಾತೆ. ಟ್ರಸ್ಟ್ ಹೆಸರಿಲ್ಲದಿದ್ದರೆ ಕಾಯ್ದೆ ತಟ್ಟುವುದಿಲ್ಲ ಎಂದು ಬಹಳ ಜನ ನಂಬಿದ್ದಾರೆ. 11ನೇ ಸೆಕ್ಷನ್ ಹೇಳುವುದು 'ವ್ಯಕ್ತಿ' ಎಂದು. ಧಾರ್ಮಿಕ ಕಾರ್ಯಕ್ರಮ ನಡೆಸುವ ಒಬ್ಬನೇ ಪಾಸ್ಟರ್ ಕೂಡ ಅದರೊಳಗೇ ಬರುತ್ತಾರೆ. ಶಿಕ್ಷೆ ಐದು ವರ್ಷದವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ಬ್ಯಾಂಕಿಗೆ ಗೊತ್ತಾಗುವುದು ಹೇಗೆ? ಹೊರಗಿನಿಂದ ಬರುವ ಪ್ರತಿ ಮೊತ್ತಕ್ಕೂ ಉದ್ದೇಶದ ಕೋಡ್ ಇರುತ್ತದೆ. ಪಿ1301 ಅಂದರೆ ಅನಿವಾಸಿ ಭಾರತೀಯರು ಕುಟುಂಬ ನಿರ್ವಹಣೆಗೆ ಕಳಿಸಿದ್ದು, ಪಿ1302 ವೈಯಕ್ತಿಕ ಉಡುಗೊರೆ, ಪಿ1303 ಧಾರ್ಮಿಕ ಮತ್ತು ದತ್ತಿ ಸಂಸ್ಥೆಗಳಿಗೆ ದಾನ. ಇವರು 1301 ಹಾಕಿಸಿದರು. ಕಳಿಸಿದ್ದು ಟೆಕ್ಸಾಸಿನ ಒಂದು ಚರ್ಚ್! ಸಂಬಂಧದ ದಾಖಲೆ ತನ್ನಿ ಎಂದು ಶಾಖೆಯಿಂದ ಪತ್ರ ಬಂತು, ಉತ್ತರ ಕೊಡಲಾಗದೆ ಖಾತೆಗೆ ತಡೆ ಬಿತ್ತು, ಮನೆ ಖರ್ಚಿನ ದುಡ್ಡೂ ಅದರೊಳಗೆ ಹೋಯಿತು. ವೆಸ್ಟರ್ನ್ ಯೂನಿಯನ್ ಥರದ ಸೇವೆಯಲ್ಲಿ ತರಿಸಿದರೆ ತಪ್ಪಿಸಿಕೊಳ್ಳಬಹುದು ಅಂದುಕೊಳ್ಳಬೇಡಿ, ಅದರಲ್ಲಿ ಸಂಸ್ಥೆಗಳಿಗೆ ದೇಣಿಗೆ ತರಿಸುವುದನ್ನು ರಿಸರ್ವ್ ಬ್ಯಾಂಕ್ ನಿಯಮವೇ ನಿಷೇಧಿಸುತ್ತದೆ. ನೋಡಲು ಬಂದ ವಿದೇಶಿ ಅತಿಥಿ ಕಾಣಿಕೆ ಚೀಲಕ್ಕೆ ಹಾಕಿದ ರೂಪಾಯಿ ನೋಟು ಕೂಡ ವಿದೇಶಿ ದೇಣಿಗೆಯೇ. ಲೆಕ್ಕಕ್ಕೆ ಬರುವುದು ಕೊಟ್ಟವರು ಯಾರು ಎನ್ನುವುದು, ಯಾವ ನೋಟು ಎನ್ನುವುದಲ್ಲ.

ಇದೇ ಮಾತು ಪರದೇಶದ ನಮ್ಮವರಿಗೂ ಅನ್ವಯ. ದುಬೈ, ಕುವೈತ್‌ಗಳ ಕನ್ನಡ ವಿಶ್ವಾಸಿಗಳ ಬಳಿ ಭಾರತದ ಪಾಸ್‌ಪೋರ್ಟೇ ಇದ್ದರೆ, ಅವರು ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಟ್ಟದ್ದು ವಿದೇಶಿ ದೇಣಿಗೆಯಲ್ಲ, ಟ್ರಸ್ಟ್‌ನ ಸಾಮಾನ್ಯ ಖಾತೆಗೇ ಪಡೆಯಬಹುದು. ಆದರೆ ಅಮೆರಿಕದ ಅಣ್ಣನೊಬ್ಬರು ಅಲ್ಲಿನ ಪೌರತ್ವ ತೆಗೆದುಕೊಂಡ ದಿನವೇ ವಿದೇಶಿ ಮೂಲವಾಗುತ್ತಾರೆ, ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಓಸಿಐ ಕಾರ್ಡ್ ಇದ್ದರೂ ಸರಿಯೇ. ಅನಿವಾಸಿಗಳು ಭಾರತದ ಬ್ಯಾಂಕಿನಲ್ಲಿ ಇಡುವ ಎನ್‌ಆರ್‌ಇ ಖಾತೆಯಿಂದ ಬಂದಿದೆ ಎನ್ನುವುದು ಪುರಾವೆಯಲ್ಲ, ಓಸಿಐ ಇದ್ದವರೂ ಆ ಖಾತೆ ತೆರೆಯುತ್ತಾರೆ. ಕೇಳಲು ಮುಜುಗರವಾದರೂ ಪ್ರತಿ ವರ್ಷ ಪಾಸ್‌ಪೋರ್ಟ್ ಪ್ರತಿ ತರಿಸಿ ರಸೀದಿಯ ಜೊತೆ ಇಡಿ.

ಸರಿಯಾದ ದಾರಿ ನಿಧಾನದ್ದು. ನೋಂದಣಿಗೆ ಸಂಸ್ಥೆಗೆ ಮೂರು ವರ್ಷ ತುಂಬಿರಬೇಕು, ಆ ಮೂರು ವರ್ಷದಲ್ಲಿ ಮುಖ್ಯ ಚಟುವಟಿಕೆಗೇ 15 ಲಕ್ಷ ರೂಪಾಯಿ ಖರ್ಚಾಗಿರಬೇಕು, ಅರ್ಜಿ ಎಫ್‌ಸಿ-3ಎ. ಅಷ್ಟು ಇಲ್ಲದ ಟ್ರಸ್ಟ್ ಒಬ್ಬ ದಾನಿ, ಒಂದು ಯೋಜನೆ, ಒಂದು ಮೊತ್ತ ತೋರಿಸಿ ಎಫ್‌ಸಿ-3ಬಿಯಲ್ಲಿ ಪೂರ್ವಾನುಮತಿ ಕೇಳಬಹುದು, ದಾನಿಯ ಬದ್ಧತಾ ಪತ್ರ ಬೇಕು. ಸಿಕ್ಕ ಮೇಲೆ ಪ್ರತಿ ವರ್ಷ ಡಿಸೆಂಬರ್ 31ರೊಳಗೆ ವಾರ್ಷಿಕ ಲೆಕ್ಕದ ಫಾರಂ ಎಫ್‌ಸಿ-4 ಸಲ್ಲಿಸಲೇಬೇಕು, ಹಣ ಬಾರದ ವರ್ಷವೂ. 'ದೆಹಲಿಯಲ್ಲಿ ನಮ್ಮವರಿದ್ದಾರೆ, ಇಷ್ಟು ಲಕ್ಷ ಕೊಟ್ಟರೆ ಮೂರೇ ತಿಂಗಳು' ಎನ್ನುವ ಏಜೆಂಟರನ್ನು ಬಾಗಿಲಲ್ಲೇ ಕಳಿಸಿ. 2022ರ ಮೇನಲ್ಲಿ ಇಂಥದೇ ಲಂಚದ ವಿಚಾರಕ್ಕೆ ಸಿಬಿಐ ಹಲವು ಕಡೆ ದಾಳಿ ಮಾಡಿ ಅಧಿಕಾರಿಗಳನ್ನೂ ದಲ್ಲಾಳಿಗಳನ್ನೂ ಬಂಧಿಸಿತ್ತು.

ನೋಂದಣಿ ಇದೆ ಎಂದು ಯಾರೇ ಹೇಳಲಿ, ಗೃಹ ಸಚಿವಾಲಯದ ಎಫ್‌ಸಿಆರ್‌ಎ ಜಾಲತಾಣದಲ್ಲಿ ರಾಜ್ಯ, ಜಿಲ್ಲೆ ಆರಿಸಿ ನೀವೇ ಹುಡುಕಿ. ಐದು ವರ್ಷದ ಹಳೆ ಪ್ರಮಾಣಪತ್ರದ ಜೆರಾಕ್ಸ್ ತೋರಿಸುವವರು ಸಿಕ್ಕಿಬೀಳುವುದು ಅಲ್ಲೇ.

ಹೊರಗಿನ ಹಣವನ್ನೇ ನಂಬಿ ಸೇವೆಯ ಲೆಕ್ಕ ಕಟ್ಟುವುದರಲ್ಲಿ ಇನ್ನೊಂದು ಅಪಾಯವಿದೆ. ಬಡ ಮಕ್ಕಳಿಗೆ ನೆರವಾಗುವ ಕಂಪ್ಯಾಶನ್ ಇಂಟರ್‌ನ್ಯಾಷನಲ್‌ನಂಥ ದೊಡ್ಡ ಸಂಸ್ಥೆಯೇ ಹಣ ಕಳಿಸಲಾಗದೆ 2017ರ ಮಾರ್ಚ್‌ನಲ್ಲಿ ಭಾರತದ ಕೆಲಸ ಮುಚ್ಚಿತು. ಮಿಜೋರಾಂನ ಸಭೆಗಳಲ್ಲಿ ಪ್ರತಿ ಅಡುಗೆಗೂ ಮುನ್ನ ಒಂದು ಹಿಡಿ ಅಕ್ಕಿ ತೆಗೆದಿಟ್ಟು, ಅದನ್ನು ಮಾರಿದ ಹಣ ಮಿಷನರಿಗಳನ್ನು ಸಾಕುತ್ತಿದೆ. ನಮ್ಮಲ್ಲಿ ಹತ್ತು ಮನೆ ತಿಂಗಳಿಗೆ ಐನೂರರಂತೆ ಕೊಟ್ಟರೂ ಒಬ್ಬ ಸುವಾರ್ತಿಕರ ಮನೆ ಬಾಡಿಗೆ, ಬೈಕ್ ಪೆಟ್ರೋಲ್ ಸಾಗುತ್ತದೆ. ಅದಕ್ಕೂ ರಸೀದಿ ಪುಸ್ತಕ ಇಡಿ.

ಈಗಾಗಲೇ ಹಣ ಬಂದು ಕೂತಿದ್ದರೆ ಡ್ರಾ ಮಾಡಬೇಡಿ, ಇನ್ನೊಬ್ಬರ ಖಾತೆಗೆ ದಾಟಿಸಬೇಡಿ, ಹಳೇ ತಾರೀಖಿನ ರಸೀದಿ ಬರೆಯಬೇಡಿ. ಮುಂದಿನ ಕಂತು ನಿಲ್ಲಿಸಿ ಎಂದು ದಾನಿಗೆ ಅಂದೇ ಇಮೇಲ್ ಹಾಕಿ, ಅದರ ಪ್ರತಿ ಇಟ್ಟುಕೊಳ್ಳಿ. ಎಫ್‌ಸಿಆರ್‌ಎ ಕೆಲಸ ಮಾಡಿ ಗೊತ್ತಿರುವ ಆಡಿಟರ್ ಬಳಿ ಪಾಸ್‌ಬುಕ್ ಸಮೇತ ಹೋಗಿ. 41ನೇ ಸೆಕ್ಷನ್ ಪ್ರಕಾರ ಕೆಲವು ತಪ್ಪುಗಳನ್ನು ದಂಡ ಕಟ್ಟಿ ರಾಜಿ ಮಾಡಿಕೊಳ್ಳಲು ಅವಕಾಶವಿದೆ, ಆದರೆ ಮೊಕದ್ದಮೆ ಹೂಡುವ ಮೊದಲು ಮಾತ್ರ.