10×50 ಬೈನಾಕ್ಯುಲರ್: ಕಾಫಿ ಕಣದಲ್ಲಿ ಮಲಗಿ ವೆಸ್ಟಾ ನೋಡಿದ ರಾತ್ರಿಗಳು

ಆನೆ ತೋಟಕ್ಕೆ ಇಳಿದರೆ ದೂರದಿಂದಲೇ ತಿಳಿಯಲಿ ಎಂದು ನಮ್ಮ ಯಜಮಾನರು ಈ ಬೈನಾಕ್ಯುಲರ್ ತರಿಸಿದರು. ಬೆಲೆ 6,800 ರೂಪಾಯಿ. ಹತ್ತು ಪಟ್ಟು ಹಿಗ್ಗಿಸಿ ತೋರಿಸುತ್ತದೆ, ಮುಂದಿನ ಮಸೂರದ ಅಗಲ 50 ಮಿಲಿಮೀಟರ್. ಆನೆ ಎರಡೇ ಸಲ ಕಂಡಿತು. ಆಕಾಶವನ್ನು ಮಾತ್ರ ನಾನು ಲೆಕ್ಕವಿಲ್ಲದಷ್ಟು ಸಲ ನೋಡಿದ್ದೇನೆ.

ಡಬ್ಬದ ಮೇಲೆ ಶನಿಯ ಬಳೆಯ ಚಿತ್ರವಿದೆ. ಅದನ್ನು ನಂಬಬೇಡಿ. ಹತ್ತು ಪಟ್ಟಿನಲ್ಲಿ ಬಳೆ ಬಿಡಿಸಿ ಕಾಣುವುದಿಲ್ಲ. ಇಂಥ ಉಪಕರಣಕ್ಕೆ ಹೇಳಿ ಮಾಡಿಸಿದ್ದು ವೆಸ್ಟಾ. 1807ರ ಮಾರ್ಚ್ 29ರಂದು ಜರ್ಮನಿಯ ಓಲ್ಬರ್ಸ್ ಕಂಡುಹಿಡಿದ ಕ್ಷುದ್ರಗ್ರಹ ಅದು. ಮಂಗಳ ಮತ್ತು ಗುರುವಿನ ನಡುವಿನ ಪಟ್ಟಿಯಲ್ಲಿ ಸೀರಿಸ್ ಇದಕ್ಕಿಂತ ದೊಡ್ಡದು, ಆದರೆ ಸೀರಿಸ್‌ನ ಮೈ ಕಪ್ಪು. ವೆಸ್ಟಾ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ನಲವತ್ತರಷ್ಟನ್ನು ಹಿಂದಿರುಗಿಸುತ್ತದೆ. ಹಾಗಾಗಿ ಕ್ಷುದ್ರಗ್ರಹಗಳಲ್ಲೆಲ್ಲ ಅದೇ ಹೆಚ್ಚು ಹೊಳೆಯುತ್ತದೆ.

2025ರ ಮೇ 2ರಂದು ಅದು ನಮ್ಮ ಆಕಾಶದಲ್ಲಿ ಸೂರ್ಯನಿಗೆ ನೇರ ಎದುರು ದಿಕ್ಕಿಗೆ, ತುಲಾ ರಾಶಿಯಲ್ಲಿ ಬರುವುದಿತ್ತು. ಏಪ್ರಿಲ್ 27ರ ಅಮಾವಾಸ್ಯೆಯ ರಾತ್ರಿ ಅತ್ತೆ ಮತ್ತು ನಾನು ಕಾಫಿ ಒಣಗಿಸುವ ಕಣದಲ್ಲಿ ಚಾಪೆ ಹಾಸಿ ಮಲಗಿದೆವು. ಮೂಡಿಗೆರೆ ಕಡೆಯ ತೋಟಗಳಲ್ಲಿ ಸಿಲ್ವರ್ ಓಕ್ ಮರಗಳು ಆಕಾಶವನ್ನು ಮುಚ್ಚಿಬಿಡುತ್ತವೆ. ತೆರೆದ ಬಯಲೆಂದರೆ ಕಣವೇ. ನಡುರಾತ್ರಿಗೆ ತುಲಾ ರಾಶಿ ನೆತ್ತಿಯಿಂದ ಸ್ವಲ್ಪ ದಕ್ಷಿಣಕ್ಕೆ ಇರುತ್ತದೆ. ಈ ಬೈನಾಕ್ಯುಲರ್ ಭಾರ. ನಿಂತು ನೋಡಿದರೆ ಎರಡೇ ನಿಮಿಷಕ್ಕೆ ಕೈ ನಡುಗಿ ಚುಕ್ಕೆಗಳೆಲ್ಲ ಗೀರುಗಳಾಗುತ್ತವೆ. ಮಲಗಿ ಮೊಣಕೈಗಳನ್ನು ಪಕ್ಕೆಗೆ ಒತ್ತಿಕೊಂಡರೆ ನೋಟ ನಿಲ್ಲುತ್ತದೆ.

ಕಂಡದ್ದು ಒಂದು ಚುಕ್ಕೆ, ಅಷ್ಟೇ. ಅಕ್ಕಪಕ್ಕದ ನಕ್ಷತ್ರಗಳನ್ನು ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಕೊಂಡೆ. ಮರುದಿನ ಮೋಡ. ಮೂವತ್ತರಂದು, ಬಸವ ಜಯಂತಿಯ ರಾತ್ರಿ, ಮೊದಲು ನೋಡಿದವರು ಅತ್ತೆ. "ಆವತ್ತು ಇದು ಆ ಜೋಡಿ ಚುಕ್ಕೆಗಳ ಪಕ್ಕದಲ್ಲಿ ಇತ್ತಲ್ಲವೇನೇ? ಈಗ ಪಡುವಣಕ್ಕೆ ಸರಿದಿದೆ" ಎಂದರು. ನೋಟ್‌ಬುಕ್ ತೆಗೆದು ನೋಡಿದೆ. ನಿಜ, ಒಂದೂವರೆ ಚಂದ್ರಬಿಂಬದಷ್ಟು ದೂರ ಹೋಗಿತ್ತು! ಚಾರ್ಮಾಡಿ ಘಾಟಿಯಲ್ಲಿ ನಮ್ಮ ಬಸ್ಸು ಲಾರಿಯನ್ನು ಹಿಂದೆ ಹಾಕುವಾಗ ಲಾರಿಯೇ ಹಿಂದಕ್ಕೆ ಹೋದಂತೆ ಕಾಣುತ್ತದಲ್ಲ, ಇದೂ ಹಾಗೆಯೇ. ಸೂರ್ಯನನ್ನು ಒಮ್ಮೆ ಸುತ್ತಲು ವೆಸ್ಟಾಗೆ ಸುಮಾರು ಮೂರು ವರ್ಷ ಏಳೂವರೆ ತಿಂಗಳು ಬೇಕು. ಒಳಸುತ್ತಿನಲ್ಲಿ ವೇಗವಾಗಿ ಓಡುವ ಭೂಮಿ ಅದನ್ನು ದಾಟುತ್ತಿತ್ತು.

ಅಷ್ಟು ಸಣ್ಣ ಚುಕ್ಕೆಯೊಳಗೆ ಏನಿದೆ ಎಂಬುದನ್ನು ಅತ್ತೆಗೆ ಹೇಳುತ್ತಾ ಹೇಳುತ್ತಾ ನನಗೇ ಮೈ ಜುಮ್ಮೆಂದಿತು. ಸರಾಸರಿ 525 ಕಿಲೋಮೀಟರ್ ಅಗಲದ, ಚಪ್ಪಟೆಯಾದ ಬಂಡೆಯ ಲೋಕ. ಐದು ಗಂಟೆ ಇಪ್ಪತ್ತು ನಿಮಿಷಕ್ಕೆ ಅಲ್ಲಿ ಒಂದು ಹಗಲು, ಒಂದು ರಾತ್ರಿ ಎರಡೂ ಮುಗಿಯುತ್ತವೆ. 2011ರಿಂದ 2012ರವರೆಗೆ ಡಾನ್ ನೌಕೆ ಅದನ್ನು ಸುತ್ತಿ ಚಿತ್ರ ತೆಗೆಯಿತು. ದಕ್ಷಿಣ ಧ್ರುವದಲ್ಲಿ ರಿಯಾಸಿಲ್ವಿಯಾ ಎಂಬ ಕುಳಿ, ಹೆಚ್ಚುಕಡಿಮೆ 500 ಕಿಲೋಮೀಟರ್ ಅಗಲ; ಅದರ ನಡುವಿನ ಶಿಖರ ಇಪ್ಪತ್ತು ಕಿಲೋಮೀಟರಿಗಿಂತ ಎತ್ತರ. ನಮ್ಮ ಮುಳ್ಳಯ್ಯನಗಿರಿಯನ್ನು ಹತ್ತು ಸಲ ಒಂದರ ಮೇಲೊಂದು ಪೇರಿಸಿದರೂ ಅದರ ತುದಿ ಮುಟ್ಟುವುದಿಲ್ಲ. ಅಲ್ಲಿಂದ ಸಿಡಿದ ಕಲ್ಲುಗಳು ಉಲ್ಕೆಗಳಾಗಿ ಭೂಮಿಗೂ ಬಿದ್ದಿವೆ; 1996ರಲ್ಲಿ ರಾಜಸ್ಥಾನದ ಪಿಪ್ಲಿಯಾ ಕಲಾನ್‌ನಲ್ಲಿ ಬಿದ್ದ ಉಲ್ಕೆ ಅದೇ ಜಾತಿಯದು.

ಈಗ ದೂರುಗಳು. ಬಲಗಣ್ಣಿನ ಹೊಂದಾಣಿಕೆಯ ಬಳೆ ಸಡಿಲ, ಮುಟ್ಟಿದರೆ ತಿರುಗುತ್ತದೆ. ಟೇಪು ಸುತ್ತಿ ನಿಲ್ಲಿಸಿದ್ದೇನೆ. ಕನ್ನಡಕ ಹಾಕಿಕೊಂಡು ನೋಡಿದರೆ ಅಂಚು ಮರೆಯಾಗುತ್ತದೆ. ಪೊರೆಯ ಶಸ್ತ್ರಚಿಕಿತ್ಸೆಯಾದ ಅತ್ತೆಗೆ ದೂರದ ನೋಟಕ್ಕೆ ಕನ್ನಡಕ ಬೇಕಿಲ್ಲ, ಅವರಿಗೆ ಪೂರ್ತಿ ವೃತ್ತ ಕಾಣುತ್ತದೆ. ಪೆಟ್ಟಿಗೆಯ ಜೊತೆ ಬಂದ ಬಟ್ಟೆಯ ಚೀಲ ಮಲೆನಾಡಿನ ಮಳೆಗಾಲಕ್ಕೆ ಸಾಲದು, ಮಸೂರಕ್ಕೆ ಬೂಷ್ಟು ಹಿಡಿಯುತ್ತದೆ. ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳನ್ನು ಹಾಕಿ ಇಡಿ.

ಆನೆ ನೋಡುವುದಕ್ಕೇ ಆದರೆ ಇದಕ್ಕಿಂತ ಹಗುರವಾದ 8×42 ಕೊಳ್ಳಿ. ರಾತ್ರಿಯ ಆಕಾಶಕ್ಕಾದರೆ ಇದನ್ನು ಧೈರ್ಯವಾಗಿ ಕೊಳ್ಳಬಹುದು. ವೆಸ್ಟಾ ಮತ್ತೆ ಎದುರಿಗೆ ಬರುವುದು 2026ರ ಅಕ್ಟೋಬರಿನಲ್ಲಿ. ಆ ಪುಟಕ್ಕೆ ಅತ್ತೆ ನೋಟ್‌ಬುಕ್ಕಿನಲ್ಲಿ ಈಗಲೇ ದಾರ ಇಟ್ಟಿದ್ದಾರೆ.