ಮೀನಿನ ತೊಟ್ಟಿಗೆ ವೆಂಚುರಿಯೋ, ಒತ್ತಡದ ಟ್ಯಾಂಕೋ?

ಬಯೋಫ್ಲಾಕ್ ತೊಟ್ಟಿಗೆ, ಅಂದರೆ ಸೂಕ್ಷ್ಮಜೀವಿಗಳ ಸಣ್ಣ ಮುದ್ದೆಗಳನ್ನು (ಫ್ಲಾಕ್) ನೀರಲ್ಲೇ ಬೆಳೆಸಿ ಮೀನು ಸಾಕುವ ತೊಟ್ಟಿಗೆ, ಆಮ್ಲಜನಕಕ್ಕಾಗಿ ಸಣ್ಣ ಗುಳ್ಳೆ ಬೇಕೆಂದು ಎರಡು ಸಾಧನಗಳನ್ನೂ ಒಂದೇ ನೀರಿನಲ್ಲಿ ಓಡಿಸಿ ನೋಡಿದೆ. ಬೆಲೆಗಿಂತ ಮೊದಲು ಗಮನಿಸಬೇಕಾದದ್ದು ಗುಳ್ಳೆ ಎಲ್ಲಿ, ಹೇಗೆ ಹುಟ್ಟುತ್ತದೆ ಎಂಬುದನ್ನು.

ವೆಂಚುರಿ ನಮ್ಮ ರೈತರಿಗೆ ಹೊಸದಲ್ಲ, ಡ್ರಿಪ್‌ನಲ್ಲಿ ರಸಗೊಬ್ಬರ ಎಳೆಯುವುದು ಇದೇ. ಕಿರಿದಾದ ಕತ್ತಿನಲ್ಲಿ ನೀರಿನ ವೇಗ ಏರಿ ಒತ್ತಡ ಕುಸಿಯುತ್ತದೆ. ಪಕ್ಕದ ತೂತಿನಿಂದ ಗಾಳಿ ತಾನಾಗಿ ಒಳನುಗ್ಗುತ್ತದೆ. ಆಗ ಅದಿನ್ನೂ ದಪ್ಪ ಗುಳ್ಳೆ. ಕತ್ತು ದಾಟಿ ಕೊಳವೆ ಅಗಲವಾಗುವಲ್ಲಿ ಏಳುವ ಸುಳಿಗಳು ಅದನ್ನು ಹರಿದು ಚೂರು ಮಾಡುತ್ತವೆ. ಸುಳಿಯ ಬಲ ನೀರಿನ ಮೇಲ್ಮೈ ಎಳೆತವನ್ನು ಮೀರುವಷ್ಟು ಹೊತ್ತು ಗುಳ್ಳೆ ಒಡೆಯುತ್ತಲೇ ಹೋಗುತ್ತದೆ. ಈ ಮಿತಿಗೆ ಹಿಂಜೆ ಎಂಬ ವಿಜ್ಞಾನಿ 1955ರಲ್ಲೇ ಸೂತ್ರ ಕೊಟ್ಟರು. ಗಾಳಿಯ ವಾಲ್ವ್ ಪೂರ್ತಿ ತೆರೆದಾಗ ಗುಳ್ಳೆ ದಪ್ಪಗಾಯಿತು, ಬಿಗಿಮಾಡಿದಾಗ ಸಣ್ಣಗಾಯಿತು, ಬರಿಗಣ್ಣಿಗೇ ಗೊತ್ತಾಗುತ್ತಿತ್ತು.

ಒತ್ತಡದ ಟ್ಯಾಂಕಿನಲ್ಲಿ ಗಾಳಿ ಮೊದಲು ನೀರಲ್ಲಿ ಕರಗುತ್ತದೆ. ಒತ್ತಡ ಹೆಚ್ಚಿದಷ್ಟೂ ಕರಗುವ ಗಾಳಿ ಹೆಚ್ಚು, ಇದು ಹೆನ್ರಿಯ ನಿಯಮ. ಸುಮಾರು 4ರಿಂದ 5 ಬಾರ್ ಒತ್ತಡದ ನೀರನ್ನು ನಾಝಲ್‌ನಿಂದ ಒಮ್ಮೆಲೇ ಹೊರಬಿಟ್ಟರೆ, ನೀರು ಹಿಡಿದಿಟ್ಟುಕೊಳ್ಳಲಾಗದ ಗಾಳಿ ಧೂಳಿನ ಕಣಗಳ ಮೇಲೆ, ಲೋಹದ ಗೀರುಗಳಲ್ಲಿ ಗುಳ್ಳೆಯಾಗುತ್ತದೆ. ನೀರು ಹಾಲಿನಷ್ಟು ಬೆಳ್ಳಗಾಗುತ್ತದೆ. ನೋಡಲು ಬಹಳ ಚಂದ! 50 ಮೈಕ್ರಾನ್ ಗುಳ್ಳೆ ಒಂದು ಮೀಟರ್ ಮೇಲೇರಲು ಸುಮಾರು 12 ನಿಮಿಷ ಬೇಕು, ಅಷ್ಟು ಹೊತ್ತೂ ಅದರ ಆಮ್ಲಜನಕ ನೀರಿಗೆ ಸೇರಬಹುದು. ಏರ್ ಸ್ಟೋನಿನ (ಗಾಳಿ ಹೊರಬಿಡುವ ರಂಧ್ರಗಳಿರುವ ಕಲ್ಲು) ಎರಡು ಮೂರು ಮಿಲಿಮೀಟರ್ ಗುಳ್ಳೆಗೆ ನಾಲ್ಕೈದು ಸೆಕೆಂಡು ಸಾಕು.

ಆದರೂ ಮೀನಿರುವ ತೊಟ್ಟಿಗೆ ನನ್ನ ಮತ ವೆಂಚುರಿಗೇ. ಒತ್ತಡದಲ್ಲಿ ಆಮ್ಲಜನಕದ ಜೊತೆ ಸಾರಜನಕವೂ ಮಿತಿಮೀರಿ ಕರಗುತ್ತದೆ. ಅಂಥ ನೀರಿನಲ್ಲಿ ಮೀನಿನ ರಕ್ತದಲ್ಲೇ ಗುಳ್ಳೆ ಮೂಡಬಹುದು. ಕಿವಿರು, ರೆಕ್ಕೆ, ಕಣ್ಣುಗಳಿಗೆ ಪೆಟ್ಟಾಗುತ್ತದೆ, ಮರಿಗಳು ಸತ್ತೇಹೋಗಬಹುದು. ಇನ್ನೊಂದು ತೊಂದರೆಯನ್ನು ನಾನೇ ಕಂಡೆ: ಸೂಕ್ಷ್ಮ ಗುಳ್ಳೆಗಳು ಫ್ಲಾಕ್‌ಗೆ ಅಂಟಿಕೊಂಡು ಅದನ್ನು ಮೇಲಕ್ಕೆತ್ತಿ ನೊರೆಯಾಗಿ ನಿಲ್ಲಿಸಿದವು. ಫ್ಲಾಕ್ ನೀರಿನ ಉದ್ದಗಲಕ್ಕೂ ತೇಲುತ್ತಿರಬೇಕು, ಅದನ್ನು ಕಲಕುವ ಕೆಲಸ ಏರ್ ಸ್ಟೋನಿನ ದಪ್ಪ ಗುಳ್ಳೆಯದ್ದೇ. ಹಾಗಾಗಿ ಏರ್ ಸ್ಟೋನನ್ನು ತೆಗೆಯಲಿಲ್ಲ, ವೆಂಚುರಿಯನ್ನು ಜೊತೆಗೆ ಸೇರಿಸಿದೆ. ಕರೆಂಟ್ ಬಿಲ್ಲಿನಲ್ಲೂ ಒತ್ತಡದ ಪಂಪೇ ಭಾರ.

ನೀರು ಶುದ್ಧೀಕರಣ ಘಟಕಗಳಲ್ಲಿ ಕೊಳೆಯನ್ನು ತೇಲಿಸಿ ತೆಗೆಯಲು ಒತ್ತಡದ ವಿಧಾನವನ್ನೇ ಬಳಸುತ್ತಾರೆ. ನಾನೂ ಈಗ ಅದನ್ನು ಮೀನಿಲ್ಲದ ಪ್ರತ್ಯೇಕ ತೊಟ್ಟಿಗೆ ಜೋಡಿಸಿ, ಹೊರಬಿಟ್ಟ ನೀರಿನ ಕಸವನ್ನು ಮೇಲಿನಿಂದ ಬಳಿದು ತೆಗೆಯುತ್ತಿದ್ದೇನೆ. ನಾಝಲ್ ಕಟ್ಟಿಕೊಳ್ಳದಂತೆ ಪಂಪಿನ ಮುಂದೆ ಸಣ್ಣ ಕಣ್ಣಿನ ಜಾಲರಿ ಇರಲೇಬೇಕು.